ಸಂತೆಯಿಂದ ತೋಟದ ದಣಪೆಯವರೆಗೆ: ಮಲೆನಾಡಿನ ಬೆಳೆಗಾರರ ಮನೆಗೆ ಹೋಗಿಬರುವ ಕ್ರಮ

ಶಿವಮೊಗ್ಗದ ಗಾಂಧಿಬಜಾರಿನಲ್ಲೋ, ಸಾಗರ ಅಥವಾ ತೀರ್ಥಹಳ್ಳಿಯ ವಾರದ ಸಂತೆಯಲ್ಲೋ ಸಾಮಾನು ಕೊಳ್ಳುವವರಿಗೆ ಒಂದಲ್ಲ ಒಂದು ದಿನ ಇದನ್ನು ಬೆಳೆದ ಜಾಗ ನೋಡಬೇಕು ಅನ್ನಿಸುತ್ತದೆ. ಒಳ್ಳೆಯ ಆಸೆಯೇ. ಆದರೆ ಬಹಳ ಜನ ಅದನ್ನು ಪ್ರವಾಸದ ಲೆಕ್ಕದಲ್ಲಿ ಮುಗಿಸುತ್ತಾರೆ. ಭಾನುವಾರ ಕಾರು ಹತ್ತಿ, ಜೋಗ ನೋಡಿ, ಬರುವ ದಾರಿಯಲ್ಲಿ ಕಂಡ ತೋಟಕ್ಕೆ ನುಗ್ಗಿ, ನಾಲ್ಕು ಫೋಟೊ ತೆಗೆದು ಹೊರಡುತ್ತಾರೆ. ತೋಟದವರ ಕೆಲಸ ಕೆಟ್ಟಿತು, ಬಂದವರಿಗೂ ಏನೂ ತಿಳಿಯಲಿಲ್ಲ.

ನಾನು ಹೇಳುವುದು ಇಷ್ಟೇ: ಊರು ಆರಿಸಬೇಡಿ, ಪದಾರ್ಥ ಆರಿಸಿ. ಜೋನಿ ಬೆಲ್ಲವೋ (ನೀರು ಬೆಲ್ಲ), ಮಾವಿನ ಮಿಡಿಯೋ, ಕೆಂಪಕ್ಕಿಯೋ, ಯಾವುದಾದರೂ ಒಂದು. ಸಂತೆಯಲ್ಲಿ ಅದು ಕೂತ ಜಾಗದಿಂದ ಹಿಮ್ಮುಖವಾಗಿ ಅದರ ಜಾಡು ಹಿಡಿದು ಹೋಗಿ. ಯಾವ ತಿಂಗಳು ಹೋಗಬೇಕು, ಯಾರನ್ನು ಕೇಳಬೇಕು, ಏನು ನೋಡಬೇಕು ಎಲ್ಲವನ್ನೂ ಆ ಪದಾರ್ಥವೇ ಹೇಳಿಕೊಡುತ್ತದೆ.

ಮೊದಲ ಹೆಜ್ಜೆ: ಬೆಳೆದವರು ಯಾರು ಅಂತ ಗುರುತಿಸಿ

ಸಂತೆಯಲ್ಲಿ ಕೂತವರೆಲ್ಲ ಬೆಳೆದವರಲ್ಲ. ಎಪಿಎಂಸಿಯಲ್ಲಿ ಮಾಲು ಹಿಡಿದು ಸಂತೆಯಿಂದ ಸಂತೆಗೆ ಹೋಗುವ ವ್ಯಾಪಾರಿಗಳೂ ಇರುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಈರುಳ್ಳಿ, ಆಲೂಗಡ್ಡೆ ಮಲೆನಾಡಿನ ಜಡಿಮಳೆಗೆ ಒಗ್ಗುವ ಬೆಳೆಯಲ್ಲ, ಬಯಲುಸೀಮೆಯಿಂದ ಬರಲೇಬೇಕು. ನಮಗೆ ಬೇಕಾದವರು ಇವರಲ್ಲ, ಅಷ್ಟೇ.

ಬೆಳೆದವರು ಸಾಮಾನ್ಯವಾಗಿ ಸಂತೆಯ ಅಂಚಿನಲ್ಲಿ ಗೋಣಿಚೀಲ ಹಾಸಿ ಕೂತಿರುತ್ತಾರೆ. ಎದುರಿಗಿರುವುದು ಚೂರುಪಾರು. ಎರಡು ಚಿಪ್ಪು ಬಾಳೆಕಾಯಿ, ಒಂದಿಷ್ಟು ನಿಂಬೆ, ಹರಿವೆ ಸೊಪ್ಪು, ಮೂರು ಮೊಗೆಕಾಯಿ, ಒಂದು ಕಟ್ಟು ವೀಳ್ಯದೆಲೆ. ಕಾಯಿಗಳೆಲ್ಲ ಒಂದೇ ಅಳತೆಯಲ್ಲಿ ಇರುವುದಿಲ್ಲ. ಊರಿನ ಬಸ್ಸಿನ ಹೊತ್ತಿಗೆ ಅವಸರದಲ್ಲಿ ಎದ್ದು ಹೋಗುವವರೂ ಇವರೇ. ಟೊಮೇಟೊ, ಕೋಸು, ಬೀನ್ಸ್ ಕ್ರೇಟಿನಲ್ಲಿ ಜೋಡಿಸಿಟ್ಟು, ವರ್ಷವಿಡೀ ಅದನ್ನೇ ಮಾರುವವರು ಬೆಳೆಗಾರರಾಗಿರುವುದು ಕಡಿಮೆ.

ಮಾತು ಶುರು ಮಾಡುವಾಗ ‘ಇದು ಸಾವಯವವಾ?’ ಅಂತ ಕೇಳಬೇಡಿ. ಅದಕ್ಕೆ ಎಲ್ಲರೂ ಹೌದು ಅನ್ನುತ್ತಾರೆ. ‘ಯಾವ ಊರಾಯ್ತು?’ ಅನ್ನಿ. ‘ಈ ಸಲ ಮಂಗನ ಕಾಟ ಹೇಗಿದೆ?’ ಅನ್ನಿ. ಬೆಳೆದವರಾದರೆ ಮಂಗ, ಕಾಡುಹಂದಿ, ಕೊಳೆರೋಗ, ಆಳು ಸಿಗದ ಕಷ್ಟ ಎಲ್ಲ ಸಾಲಾಗಿ ಹೊರಗೆ ಬರುತ್ತದೆ. ವ್ಯಾಪಾರಿಯಾದರೆ ಮಾತು ಬೇಗ ರೇಟಿಗೆ ಬಂದು ನಿಲ್ಲುತ್ತದೆ.

ಆಮೇಲೆ ಕೆಲವು ವಾರ ಒಬ್ಬರ ಹತ್ತಿರವೇ ಕೊಳ್ಳಿ. ಮುಖ ಪರಿಚಯವಾಗಲಿ. ನೀವು ಕೇಳುವ ಮೊದಲೇ ‘ಒಂದ್ಸಲ ಮನೆಗೆ ಬನ್ನಿ’ ಅನ್ನುವ ಮಾತು ಆ ಕಡೆಯಿಂದ ಬರುವುದು ಮಲೆನಾಡಿನಲ್ಲಿ ಅಪರೂಪವೇನಲ್ಲ. ಬಾರದಿದ್ದರೆ ನೀವೇ ಕೇಳಿ, ಸಂಕೋಚ ಬೇಡ.

ಸಂತೆಯಲ್ಲಿ ಎಳೆ ಸಿಗದಿದ್ದರೆ ಬೇರೆ ಬಾಗಿಲುಗಳಿವೆ. ಅಡಿಕೆಯ ಬಗ್ಗೆ ತಿಳಿಯಬೇಕಾದರೆ 1939ರಲ್ಲಿ ಶುರುವಾದ ಮ್ಯಾಮ್‌ಕೋಸ್ ಇದೆ. ಅಡಿಕೆ ಬೆಳೆಗಾರರದೇ ಸಹಕಾರ ಸಂಘ ಅದು, ಅಲ್ಲಿಗೆ ಮಾಲು ತರುವ ಸದಸ್ಯರ ಪರಿಚಯ ಮಾಡಿಕೊಳ್ಳಬಹುದು. ಸಾಗರ ತಾಲೂಕಿನ ಇರುವಕ್ಕಿಯ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೂ, ಅದರ ಕೃಷಿ ವಿಜ್ಞಾನ ಕೇಂದ್ರಕ್ಕೂ ಜಿಲ್ಲೆಯ ಬೆಳೆಗಾರರ ಒಡನಾಟ ಇದೆ. ಕೃಷಿ ಮೇಳದ ಮಳಿಗೆಗಳಲ್ಲಿ ಸುಮ್ನೆ ಒಂದು ಸುತ್ತು ಹಾಕಿದರೂ ಸಾಕಷ್ಟು ಜನ ಪರಿಚಯವಾಗುತ್ತಾರೆ.

ಎರಡನೇ ಹೆಜ್ಜೆ: ನಿಮ್ಮ ರಜೆ ನೋಡಬೇಡಿ, ಅವರ ಕೆಲಸ ನೋಡಿ

ಎಲ್ಲಕ್ಕಿಂತ ಮುಖ್ಯ ಇದು. ತೋಟದಲ್ಲಿ ಕೆಲಸ ನಡೆಯದ ದಿನ ಹೋದರೆ ಮರಗಳನ್ನು ಮಾತ್ರ ನೋಡಿ ಬರುತ್ತೀರಿ.

ಜನವರಿಯಿಂದ ಮಾರ್ಚ್‌ವರೆಗೆ ಆಲೆಮನೆಯ ಕಾಲ. ಸಾಗರ, ಹೊಸನಗರದ ಹಳ್ಳಿಗಳಲ್ಲಿ ಕಬ್ಬು ಅರೆದು ಜೋನಿ ಬೆಲ್ಲ ಕಾಸುತ್ತಾರೆ. ಮೊದಲ ಸಲ ಹೋಗುವವರು ಇಲ್ಲಿಂದಲೇ ಶುರು ಮಾಡುವುದು ಒಳ್ಳೆಯದು. ಆಲೆಮನೆಗೆ ಬಂದವರನ್ನು ಕಬ್ಬಿನ ಹಾಲು ಕೊಡದೆ ಕಳಿಸಬಾರದು ಅನ್ನುವ ಪದ್ಧತಿ ಇನ್ನೂ ಉಳಿದಿದೆ, ಹಾಗಾಗಿ ಅಪರಿಚಿತರಿಗೂ ಅಲ್ಲಿ ಮುಜುಗರ ಕಡಿಮೆ. ಇದೇ ತಿಂಗಳುಗಳಲ್ಲಿ ಕಾಳುಮೆಣಸಿನ ಕೊಯ್ಲೂ ನಡೆಯುತ್ತದೆ.

ಫೆಬ್ರವರಿ ಹೊತ್ತಿಗೆ ಮಾವಿನ ಮಿಡಿ ಶುರು, ಏಪ್ರಿಲ್‌ಗೆ ಮುಗಿಯುತ್ತಾ ಬರುತ್ತದೆ. ಅಪ್ಪೆಮಿಡಿಗೆ ಭೌಗೋಳಿಕ ಗುರುತು ಸಿಕ್ಕಿದೆ. ಶರಾವತಿ, ವರದಾ, ಕುಮುದ್ವತಿ ಹೊಳೆಗಳ ದಂಡೆಯ ಮರಗಳಿಗೆ ಹೆಸರು ಜಾಸ್ತಿ. ಏಪ್ರಿಲ್, ಮೇ ಬಂದರೆ ಹಲಸಿನ ಹಪ್ಪಳ, ಮುರುಗಲು ಹಣ್ಣು, ಜೇನು. ಭತ್ತ ಕೊಯ್ದ ಗದ್ದೆಯಲ್ಲಿ ಬೇಸಿಗೆ ತರಕಾರಿ ಬೆಳೆಯುವುದೂ ಆಗಲೇ. ಮೊಗೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಜಂತಿಗೆ ತೂಗುಹಾಕಿರುವುದನ್ನು ನೋಡಬೇಕಾದರೆ ಬೇಸಿಗೆಯ ಕೊನೆಗೆ ಹೋಗಿ. ಮಳೆಗಾಲಕ್ಕೆ ಅದೇ ಅವರ ತರಕಾರಿ.

ಜೂನ್‌ನಿಂದ ಆಗಸ್ಟ್ ಬಿಟ್ಟುಬಿಡಿ. ಮಳೆ ಒಂದು ಕಾರಣ. ಆಗುಂಬೆ ಕಡೆ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಅದಕ್ಕಿಂತ ದೊಡ್ಡ ಕಾರಣ ಅಡಿಕೆಗೆ ಬರುವ ಕೊಳೆರೋಗದ ಔಷಧಿ. ಮಳೆ ಸ್ವಲ್ಪ ಹೊಳವಾದ ಗಳಿಗೆಯಲ್ಲೇ ಅಡಿಕೆ ಗೊನೆಗೆ ಬೋರ್ಡೊ ದ್ರಾವಣ ಹೊಡೆದು ಮುಗಿಸಬೇಕು. ಆ ಹೊಳವಿನಲ್ಲಿ ನೀವು ಹೋಗಿ ಜಗಲಿಯಲ್ಲಿ ಕೂತರೆ, ಮನೆಯವರು ನಗುತ್ತಾ ಮಾತಾಡಿಸಿದರೂ ಕಣ್ಣು ಆಕಾಶದ ಕಡೆಗೇ ಇರುತ್ತದೆ.

ಸೆಪ್ಟೆಂಬರ್‌ನಿಂದ ವರ್ಷದ ಕೊನೆಯವರೆಗೆ ಅಡಿಕೆ ಕೊಯ್ಲು, ಸುಲಿತ, ಬೇಯಿಸುವುದು. ನವೆಂಬರ್, ಡಿಸೆಂಬರ್‌ನಲ್ಲಿ ಭತ್ತದ ಕೊಯ್ಲು. ವರದಾ ನದಿಯ ನೆರೆ ಏರುವ ಸೊರಬ, ಸಾಗರದ ಗದ್ದೆಗಳಲ್ಲಿ ನೀರಲ್ಲಿ ಮುಳುಗಿದರೂ ತಡೆದುಕೊಳ್ಳುವ ನೆರೆಗುಳಿಯಂಥ ತಳಿಗಳಿವೆ. ಅಂಥ ಅಕ್ಕಿಯ ಜಾಡು ಹಿಡಿದವರು ಕಣದ ಕೆಲಸದ ಹೊತ್ತಿಗೆ ಹೋಗಬೇಕು. ಭೂಮಿ ಹುಣ್ಣಿಮೆಯ ದಿನ ಮಾತ್ರ ವ್ಯಾಪಾರದ ಮಾತು ಬೇಡ. ಅಂದು ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಭೂಮಿಗೆ ಎಡೆ ಇಡುವ ದಿನ. ಕರೆದರೆ ನೆಂಟರ ಹಾಗೆ ಹೋಗಿ ಉಂಡು ಬನ್ನಿ. ಊರಿನಲ್ಲಿ ಹಿಂದಿನ ರಾತ್ರಿ ಯಕ್ಷಗಾನ ಇದ್ದರೆ ಮರುದಿನವೂ ಬೇಡ, ಅರ್ಧ ಊರು ನಿದ್ದೆಯಲ್ಲಿರುತ್ತದೆ.

ಮೂರನೇ ಹೆಜ್ಜೆ: ಹೇಳಿ ಹೋಗಿ

ಸಂಜೆ ದೀಪ ಹಚ್ಚಿದ ಮೇಲೆ, ಊಟಕ್ಕೆ ಮುಂಚೆ ಫೋನ್ ಮಾಡಿ. ಬೆಳಗ್ಗೆ ಹಾಲು ಕರೆಯುವ ಹೊತ್ತು, ಮಧ್ಯಾಹ್ನ ಉಂಡು ಒರಗುವ ಹೊತ್ತು ಎರಡೂ ಬೇಡ. ಎಷ್ಟು ಜನ ಬರುತ್ತೀರಿ, ಎಷ್ಟು ಹೊತ್ತಿಗೆ, ಊಟಕ್ಕೆ ನಿಲ್ಲುತ್ತೀರೋ ಇಲ್ಲವೋ, ಈ ಮೂರನ್ನು ಸ್ಪಷ್ಟವಾಗಿ ಹೇಳಿ. ಊಟದ ವಿಷಯ ಹೇಳದೆ ಹನ್ನೆರಡು ಗಂಟೆಗೆ ಹೋಗಿ ನಿಂತರೆ ಮನೆಯ ಹೆಂಗಸರಿಗೆ ಅಡಿಗೆ ಮಾಡದೆ ಗತಿಯಿಲ್ಲ. ಮೂರು ಗಂಟೆಗೆ ಬರುತ್ತೇವೆ, ಚಹಾ ಸಾಕು ಅಂದುಬಿಟ್ಟರೆ ಎಲ್ಲರಿಗೂ ಹಗುರ.

ಹೊರಡುವ ಹಿಂದಿನ ರಾತ್ರಿ ಇನ್ನೊಮ್ಮೆ ಕೇಳಿ. ಅಡಿಕೆ ಕೊನೆ (ಗೊನೆ) ಕೊಯ್ಯುವವರು ಬರುವುದು ತಪ್ಪಿದರೆ ಇಡೀ ಕಾರ್ಯಕ್ರಮ ಮುಂದೆ ಹೋಗಿರುತ್ತದೆ. ದಾರಿಯನ್ನು ಫೋನಿನ ನಕ್ಷೆ ನಂಬಿ ಹಿಡಿಯಬೇಡಿ. ಯಾವ ಬಸ್ ಸ್ಟಾಪು, ಯಾವ ಶಾಲೆ, ಎಷ್ಟನೇ ಕ್ರಾಸು ಅಂತ ಬಾಯಲ್ಲೇ ಕೇಳಿ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಒಳಗಿನ ಊರುಗಳಲ್ಲಿ ನೆಟ್‌ವರ್ಕ್ ಇರುವುದಿಲ್ಲ. ತುಮರಿ, ಸಿಗಂದೂರು ಕಡೆ ಹೋಗುವವರಿಗೆ ಮೊದಲಿನ ಹಾಗೆ ಲಾಂಚಿಗೆ ಕಾಯುವ ಕೆಲಸವಿಲ್ಲ, 2025ರ ಜುಲೈಯಲ್ಲಿ ಶರಾವತಿ ಹಿನ್ನೀರಿನ ಸೇತುವೆ ಶುರುವಾಯಿತು. ಆದರೂ ಮಲೆನಾಡಿನ ದಾರಿ ದಾರಿಯೇ. ದಿನಕ್ಕೆ ಎರಡು ಮನೆಗಿಂತ ಜಾಸ್ತಿ ಇಟ್ಟುಕೊಳ್ಳಬೇಡಿ.

ನಾಲ್ಕನೇ ಹೆಜ್ಜೆ: ಉಂಬಳ, ಉಣುಗು ಮತ್ತು ಐಬೆಕ್ಸ್ ಬೇಲಿ

ಮಳೆಗಾಲ ಮುಗಿದ ಹೊಸತರಲ್ಲೂ ತೋಟದಲ್ಲಿ ಉಂಬಳ (ಜಿಗಣೆ) ಇರುತ್ತದೆ. ಕಾಲಿಗೆ ಬೇವಿನ ಎಣ್ಣೆಯೋ, ಸುಣ್ಣ ಹೊಗೆಸೊಪ್ಪು ಕಲಸಿದ್ದೋ ಹಚ್ಚಿಕೊಳ್ಳಿ. ಹತ್ತಿದರೆ ಉಪ್ಪು ಹಾಕಿ ಬಿಡಿಸಿ. ರಕ್ತ ಸ್ವಲ್ಪ ಹೊತ್ತು ಸುರಿಯುತ್ತದೆ, ಗಾಬರಿ ಬೇಡ.

ಉಣುಗು, ಅಂದರೆ ಉಣ್ಣೆ, ಅಷ್ಟು ಸಲೀಸಾದ ವಿಷಯವಲ್ಲ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಯಿಲೆಗೆ ಆ ಕಾಡಿನ ಹೆಸರೇ ನಿಂತಿತು. ಉಣುಗು ಕಚ್ಚಿ ಹರಡುವ ಈ ಜ್ವರ ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ. ಆಲೆಮನೆ, ಮಿಡಿ, ಜೇನು ಎಲ್ಲ ಇದೇ ತಿಂಗಳಲ್ಲಿ ಬರುವುದರಿಂದ ಇದನ್ನು ಉದಾಸೀನ ಮಾಡುವ ಹಾಗಿಲ್ಲ. ಹೊರಡುವ ಮುಂಚೆ ಆ ಕಡೆ ಕಾಯಿಲೆ ಇದೆಯಾ ಅಂತ ಮನೆಯವರನ್ನು ಕೇಳಿ. ಇದ್ದರೆ ಹೋಗಬೇಡಿ. ಇಲ್ಲದಿದ್ದರೂ ಅಂಗಳ, ಗದ್ದೆ, ಆಲೆಮನೆಗಳಲ್ಲೇ ಇರಿ, ಕಾಡಿಗೆ ಇಳಿಯಬೇಡಿ, ತರಗೆಲೆ ಮೇಲೆ ಕೂರಬೇಡಿ. ಉದ್ದ ಪ್ಯಾಂಟು, ತೋಳು ಮುಚ್ಚುವ ಅಂಗಿ ಹಾಕಿ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೊಡುವ ಡೆಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಯವರಿಗೆ ತಿಳಿಸಿ. ವಾಪಸು ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಒಗೆಯಲು ಹಾಕಿ. ಮುಂದಿನ ಒಂದೆರಡು ವಾರದಲ್ಲಿ ಜ್ವರ ಬಂದರೆ ಮಲೆನಾಡಿಗೆ ಹೋಗಿ ಬಂದದ್ದನ್ನು ವೈದ್ಯರಿಗೆ ಮೊದಲೇ ಹೇಳಿ.

ಗದ್ದೆಯ ಅಂಚಿನ ತಂತಿ ಮುಟ್ಟಬೇಡಿ. ಕಾಡುಪ್ರಾಣಿಗಳಿಗೆ ಹಾಕಿದ ಐಬೆಕ್ಸ್ ಬೇಲಿಯಲ್ಲಿ ವಿದ್ಯುತ್ ಹರಿಯುತ್ತಿರುತ್ತದೆ.

ಐದನೇ ಹೆಜ್ಜೆ: ದಣಪೆ ದಾಟಿದ ಮೇಲೆ

ದಣಪೆ (ಬೇಲಿಗೆ ಅಡ್ಡ ಗಳ ಹಾಕಿದ ಬಾಗಿಲು) ತೆಗೆದು ಒಳಗೆ ಹೋದವರು ಅದನ್ನು ಮತ್ತೆ ಹಾಕಿಯೇ ಮುಂದೆ ಹೋಗಬೇಕು. ಹಾಗೇ ಬಿಟ್ಟರೆ ಅರ್ಧ ಗಂಟೆಯಲ್ಲಿ ಪಕ್ಕದ ಮನೆಯ ದನ ತರಕಾರಿ ಮಡಿಯಲ್ಲಿರುತ್ತದೆ. ಅಂಗಳದಲ್ಲಿ ಹರವಿದ ಅಡಿಕೆ, ಮೆಣಸು, ಹಪ್ಪಳ ದಾಟಬೇಡಿ, ಸುತ್ತಿ ಹೋಗಿ. ಚಪ್ಪಲಿ ಜಗಲಿಯ ಕೆಳಗೆ. ಕಾಲು ತೊಳೆಯಲು ನೀರು ತೋರಿಸಿದರೆ ತೊಳೆಯಿರಿ. ಮಾತು ಮುಂದುವರಿಯುವುದು ಬೆಲ್ಲ ನೀರೋ ಮಜ್ಜಿಗೆಯೋ ಕುಡಿದ ಮೇಲೆ. ಕವಳದ (ಎಲೆ ಅಡಿಕೆಯ) ತಟ್ಟೆ ಮುಂದೆ ಬಂದರೆ, ಹಾಕುವ ಅಭ್ಯಾಸ ಇಲ್ಲದವರು ಒಂದು ಎಲೆ ಮುಟ್ಟಿ ಕೈ ಮುಗಿದರೂ ಸಾಕು.

ಯಜಮಾನರನ್ನು ಊರಿನವರು ಹೇಗೆ ಕರೆಯುತ್ತಾರೋ ಹಾಗೇ ಕರೆಯಿರಿ. ಭಟ್ರೆ, ಹೆಗ್ಡೆರೆ, ಗೌಡ್ರೆ, ನಾಯ್ಕರೆ, ಯಾವುದು ಅಂತ ಸಂತೆಯಲ್ಲೇ ಕಿವಿಗೆ ಬಿದ್ದಿರುತ್ತದೆ. ಮನೆಯಾಕೆ ವಯಸ್ಸಾದವರಾದರೆ ಅಮ್ಮ, ಇಲ್ಲವಾದರೆ ಅಕ್ಕ. ಹಪ್ಪಳ, ಉಪ್ಪಿನಕಾಯಿ, ಮುರುಗಲು ಸಿಪ್ಪೆ, ತರಕಾರಿ ಬೀಜ ಇವೆಲ್ಲ ಹೆಚ್ಚಾಗಿ ಅವರ ಕೈಯಲ್ಲೇ ಇರುತ್ತವೆ. ಜಗಲಿಯ ಮಾತಲ್ಲೇ ಮುಳುಗಿ ಅಡಿಗೆಮನೆಯ ಕಡೆಯವರನ್ನು ಕೇಳದೆ ಬಂದರೆ ಅರ್ಧ ವಿಷಯ ಬಿಟ್ಟು ಬಂದ ಹಾಗೆ.

ಒಂದು ಪ್ರಶ್ನೆ ಮಾತ್ರ ಬಾಯಿಂದ ಬರಬಾರದು: ‘ಎಷ್ಟು ಎಕರೆ ಇದೆ, ಎಷ್ಟು ಕ್ವಿಂಟಲ್ ಅಡಿಕೆ ಆಗುತ್ತೆ?’ ಪೇಟೆಯಲ್ಲಿ ಸಂಬಳ ಕೇಳಿದ ಹಾಗೆ ಅದು. ಜೊತೆಗೆ ಮಲೆನಾಡಿನಲ್ಲಿ ಜಮೀನಿನ ದಾಖಲೆ ಅನ್ನುವುದು ದೊಡ್ಡ ಗೋಜಲು. ಬಗರ್‌ಹುಕುಂ, ಸೊಪ್ಪಿನ ಬೆಟ್ಟ, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನಿಂದ ಮುಳುಗಡೆಯಾಗಿ ಎದ್ದು ಬಂದವರ ಜಮೀನು, ಎಲ್ಲದರಲ್ಲೂ ಇನ್ನೂ ಆರದ ಗಾಯಗಳಿವೆ. ಫೋಟೊ ತೆಗೆಯುವ ಮುಂಚೆ, ಅದರಲ್ಲೂ ಕೆಲಸದ ಆಳುಗಳ ಫೋಟೊ, ಅವರನ್ನೇ ಕೇಳಿ.

ಆರನೇ ಹೆಜ್ಜೆ: ಏನು ನೋಡಬೇಕು, ಏನು ಕೇಳಬೇಕು

ಅಡಿಕೆ ತೋಟಕ್ಕೆ ಹೋದರೆ ತೋಟಕ್ಕಿಂತ ಮೊದಲು ಅದರ ಮೇಲಿನ ಸೊಪ್ಪಿನ ಬೆಟ್ಟ ತೋರಿಸಿ ಅನ್ನಿ, ಬೆಟ್ಟದ ಬುಡದಲ್ಲೇ ನಿಂತು ನೋಡಿ. ಬೆಟ್ಟದ ಸೊಪ್ಪು, ದರಕು (ಒಣ ಎಲೆ) ಕೊಟ್ಟಿಗೆಗೆ ಬರುತ್ತದೆ, ಕೊಟ್ಟಿಗೆಯಿಂದ ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತದೆ. ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡ ಇದ್ದರೆ ನೋಡಿ. ಹಾಲು ಕಡಿಮೆ, ಆದರೆ ಬೆಟ್ಟ ಹತ್ತಿ ತಾನೇ ಮೇದು ಬರುವ ಪುಟ್ಟ ದನ. ಬೆಟ್ಟ, ಕೊಟ್ಟಿಗೆ, ತೋಟ ಈ ಮೂರನ್ನು ಒಟ್ಟಿಗೆ ನೋಡದೆ ಮಲೆನಾಡಿನ ಬೇಸಾಯ ಅರ್ಥವಾಗುವುದಿಲ್ಲ.

ಕೊನೆ ಕೊಯ್ಯುವಾಗ ಮರದ ಬುಡದಲ್ಲಿ ನಿಲ್ಲಬೇಡಿ. ಕೊನೆಗೌಡರು ಒಂದು ಮರದಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುವುದನ್ನು ನೋಡುವ ಅವಕಾಶ ಕಡಿಮೆಯಾಗುತ್ತಿದೆ. ನೆಲದಲ್ಲೇ ನಿಂತು ಉದ್ದದ ದೋಟಿಯಲ್ಲಿ ಕೊಯ್ಯುವವರು ಜಾಸ್ತಿಯಾಗಿದ್ದಾರೆ. ಸಂಜೆಯ ಮೇಲೆ ಸುಲಿತ. ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರ ಕೈಯ ವೇಗವೂ, ಅದಕ್ಕಿಂತ ಮಜವಾದ ಅವರ ಮಾತೂ ಅಲ್ಲಿ ಸಿಗುತ್ತವೆ. ಈಗ ಸುಲಿಯುವ ಯಂತ್ರಗಳೂ ಬಂದಿವೆ. ಸುಲಿದದ್ದನ್ನು ಚೊಗರು (ಹಿಂದೆ ಅಡಿಕೆ ಬೇಯಿಸಿ ಉಳಿದ ರಸ) ಹಾಕಿದ ನೀರಲ್ಲಿ ಬೇಯಿಸಿ ಒಣಗಿಸುತ್ತಾರೆ, ಆ ಕೆಂಪು ಬಣ್ಣ ಅಲ್ಲಿಂದ ಬರುವುದು. ಹೆಗ್ಗೋಡಿನ ಹತ್ತಿರದ ಚರಕ ಸಂಸ್ಥೆಯ ಕೈಮಗ್ಗದ ಬಟ್ಟೆಗೂ ಇದೇ ಚೊಗರಿನ ಬಣ್ಣ ಬಳಸುತ್ತಾರೆ. ಸರಕು, ಬೆಟ್ಟೆ, ರಾಶಿ ಇಡಿ, ಗೊರಬಲು ಅಂತ ನಾಲ್ಕು ಜಾತಿ ಬೇರೆ ಮಾಡಿ ತೋರಿಸಿ ಅಂತ ಕೇಳಿ. ಕಾಯಿ ಎಷ್ಟು ಎಳೆಯದು, ಎಷ್ಟು ಬಲಿತದ್ದು ಅನ್ನುವುದರ ಮೇಲೆ ಹೆಸರು, ಹೆಸರಿನ ಮೇಲೆ ದರ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ತಿಂಗಳಿಗೂ ಹೆಚ್ಚು ಒಣಗಿಸಿ ಸುಲಿಯುವ ಚಾಲಿ ಬೇರೆಯೇ ದಾರಿ.

ಗೊನೆಯ ಮೇಲೆ ನೀಲಿ ಕಲೆ ಕಂಡರೆ ‘ವಿಷ’ ಅಂತ ಹೌಹಾರಬೇಡಿ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಸೇರಿಸಿದ ಬೋರ್ಡೊ ಅದು. ಸಾವಯವ ನಿಯಮಗಳೂ ಮಿತಿಯೊಳಗೆ ಇದನ್ನು ಒಪ್ಪುತ್ತವೆ. ಸಾವಯವದ ಬಗ್ಗೆ ಗಟ್ಟಿಯಾಗಿ ತಿಳಿಯಬೇಕಾದರೆ ಪ್ರಮಾಣಪತ್ರ ಇದೆಯಾ ಅಂತ ನಯವಾಗಿ ಕೇಳಿ. ರೈತರ ಗುಂಪುಗಳೇ ಒಬ್ಬರನ್ನೊಬ್ಬರು ಪರಿಶೀಲಿಸುವ ಪಿಜಿಎಸ್ ಪದ್ಧತಿಯಲ್ಲಿ, ಇನ್ನೂ ಬದಲಾವಣೆಯ ಹಂತದಲ್ಲಿರುವವರಿಗೆ ಸಿಗುವುದು ಪಿಜಿಎಸ್ ಗ್ರೀನ್, ಪೂರ್ತಿ ಆದವರಿಗೆ ಪಿಜಿಎಸ್ ಆರ್ಗ್ಯಾನಿಕ್. ಪತ್ರ ಇಲ್ಲದೆಯೂ ಚೆನ್ನಾಗಿ ಬೆಳೆಯುವವರು ಎಷ್ಟೋ ಜನ ಇದ್ದಾರೆ. ಅಂಥ ಕಡೆ ನಾನು ನೋಡುವುದು ಗೊಬ್ಬರದ ಗುಂಡಿ. ಅದು ತುಂಬಿಕೊಂಡಿದ್ದರೆ ಅರ್ಧ ಉತ್ತರ ಸಿಕ್ಕಂತೆ.

ಆಲೆಮನೆಯಲ್ಲಿ ಕೊಪ್ಪರಿಗೆಯಿಂದ ದೂರ ನಿಲ್ಲಿ, ಮಕ್ಕಳ ಕೈ ಬಿಡಬೇಡಿ. ಕೊಪ್ಪರಿಗೆಯ ಮೇಲೆ ಏಳುವ ಕಲ್ಮಶವನ್ನು ಹೇಗೆ ತೆಗೆಯುತ್ತಾರೆ, ಏನು ಹಾಕುತ್ತಾರೆ ಅಂತ ಕೇಳಿ. ಪಾಕ ಬಂತು ಅಂತ ನಿರ್ಧರಿಸುವುದು ಒಬ್ಬರ ಕಣ್ಣು, ದೂರದಿಂದಲೇ ಅವರನ್ನು ಗಮನಿಸಿ. ಸಕ್ಕರೆ ಬೆರೆಸಿದ ಬೆಲ್ಲ ಸಂತೆಗೆ ಬರುವ ಕಾಲ ಇದು, ಕಣ್ಣೆದುರು ಕಾಸಿದ್ದಕ್ಕೆ ಸಮ ಯಾವುದೂ ಇಲ್ಲ. ಅದೃಷ್ಟ ಇದ್ದರೆ ಮಡಕೆಯ ಬೆನ್ನ ಮೇಲೆ ತೊಡದೇವು ಎಂಬ ತೆಳ್ಳನೆಯ ಸಿಹಿ ತಿಂಡಿ ಎರೆಯುವುದನ್ನೂ ನೋಡಬಹುದು.

ಮಾವಿನ ಮಿಡಿಯಲ್ಲಿ ನೋಡಬೇಕಾದ್ದು ತೊಟ್ಟು. ತೊಟ್ಟು ಇದ್ದರೆ ಸೊನೆ ಒಳಗೇ ಉಳಿಯುತ್ತದೆ, ಉಪ್ಪಿನಕಾಯಿಗೆ ಪರಿಮಳ. ನೆಲಕ್ಕೆ ಉದುರಿಸಿ ಪೆಟ್ಟಾದ ಮಿಡಿ ಬಾಳುವುದಿಲ್ಲ. ಟೊಂಗೆ ಕಡಿದು ಮಿಡಿ ಇಳಿಸುವವರೂ ಇದ್ದಾರೆ, ಅಂಥವರಿಂದ ಕೊಂಡರೆ ಹೊಳೆದಂಡೆಯ ಮರವನ್ನೇ ಕಳೆದುಕೊಳ್ಳುತ್ತೇವೆ. ಮರ ಹತ್ತಿ ಚೀಲದಲ್ಲಿ ಇಳಿಸುವವರು ಸ್ವಲ್ಪ ಜಾಸ್ತಿ ಕೇಳಿದರೂ ಕೊಡಿ.

ಜೇನಿನ ವಿಷಯದಲ್ಲಿ ಬೆರಳಿನ ಪರೀಕ್ಷೆ, ಬೆಂಕಿಕಡ್ಡಿ ಪರೀಕ್ಷೆ ಯಾವುದೂ ನಂಬಿಕೆಗೆ ಯೋಗ್ಯವಲ್ಲ. ಹರಳುಗಟ್ಟಿದರೆ ಸಕ್ಕರೆ ಬೆರೆಸಿದ್ದು ಅನ್ನುವುದೂ ತಪ್ಪು. ಪೆಟ್ಟಿಗೆಯ ತುಡುವೆ ಜೇನೋ, ಕಾಡಿನ ಹೆಜ್ಜೇನೋ, ಯಾವ ತಿಂಗಳು ತೆಗೆದದ್ದು, ಎರಿ ಹಿಂಡಿದ್ದೋ ಯಂತ್ರದಲ್ಲಿ ತಿರುಗಿಸಿ ತೆಗೆದದ್ದೋ ಅಂತ ಕೇಳಿ. ತೇವ ಶೇಕಡಾ 20 ದಾಟಬಾರದು ಅನ್ನುತ್ತದೆ ಆಹಾರ ಸುರಕ್ಷತೆಯ ನಿಯಮ. ನಮ್ಮ ತೇವದ ಹವೆಯಲ್ಲಿ ಅವಸರಕ್ಕೆ ತೆಗೆದ ಜೇನು ಹುಳಿ ಬರುವುದು ಅದಕ್ಕೇ. ಹಳಬರನ್ನು ಕೇಳಿದರೆ 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಪೆಟ್ಟಿಗೆಗಳೆಲ್ಲ ಖಾಲಿಯಾದ ಕಥೆ ಹೇಳುತ್ತಾರೆ. ಕಾಡಿನ ಜೇನು, ಉಪ್ಪಾಗೆ, ಕಳಲೆ ಕೊಳ್ಳುವಾಗ ಎಲ್ಲಿಯದು ಅಂತ ವಿಚಾರಿಸಿ. ಅಭಯಾರಣ್ಯದೊಳಗಿನ ಮಾಲು ನಿಮಗೂ ತಲೆನೋವು, ಅವರಿಗೂ.

ಏಳನೇ ಹೆಜ್ಜೆ: ಕೊಳ್ಳುವುದು, ಸಾಗಿಸುವುದು

ಮನೆಬಾಗಿಲಲ್ಲಿ ಚೌಕಾಸಿ ಬೇಡ. ಸಂತೆಯ ದರ ನಿಮಗೆ ಗೊತ್ತೇ ಇದೆ, ಅದನ್ನೇ ಕೊಡಿ. ಬಸ್ ಚಾರ್ಜು ಉಳಿಯಿತಲ್ಲ, ಕಡಿಮೆ ಮಾಡಿ ಅನ್ನುವ ಲೆಕ್ಕ ಚೆನ್ನಾಗಿರುವುದಿಲ್ಲ. ನೋಟು, ಚಿಲ್ಲರೆ ಎರಡೂ ಇರಲಿ, ನೆಟ್‌ವರ್ಕ್ ಇಲ್ಲದ ಕಡೆ ಫೋನ್‌ಪೇ ನಡೆಯುವುದಿಲ್ಲ. ಊಟಕ್ಕೆ ಮಾತ್ರ ದುಡ್ಡು ಚಾಚಬೇಡಿ, ಬೇಸರ ಮಾಡಿಕೊಳ್ಳುತ್ತಾರೆ. ಹೋಗುವಾಗಲೇ ಪೇಟೆಯಿಂದ ದ್ರಾಕ್ಷಿಯೋ ಬೇಕರಿ ತಿಂಡಿಯೋ ಒಯ್ಯಿರಿ. ಹೋಂಸ್ಟೇ ನಡೆಸುವವರು, ತೋಟ ತೋರಿಸಲು ಶುಲ್ಕ ಇಟ್ಟವರು ಬೇರೆ ವಿಷಯ, ಅಲ್ಲಿ ಕೇಳಿದಷ್ಟು ಕೊಡಬೇಕು.

ಮಿಡಿ ನೂರರ ಲೆಕ್ಕ, ಕಾಯಿ ಒಂದೊಂದರ ಲೆಕ್ಕ, ಜೋನಿ ಬೆಲ್ಲ ಡಬ್ಬದ ಲೆಕ್ಕ. ಖಾಲಿ ಡಬ್ಬ, ಬಾಟಲಿ, ಬಟ್ಟೆ ಚೀಲ ನೀವೇ ತೆಗೆದುಕೊಂಡು ಹೋಗಿ. ಹೊಸ ಅಕ್ಕಿ ಅನ್ನಕ್ಕೆ ಮೆತ್ತಗಾಗುತ್ತದೆ, ಹಳೆಯದು ಇದೆಯಾ ಅಂತ ಕೇಳಿ ಕೊಳ್ಳಿ.

ಮುಂದೆ ಪ್ರತಿ ಸಲ ಹೋಗಬೇಕೆಂದಿಲ್ಲ. ನಾಲ್ಕು ಮನೆಯವರು ಸೇರಿ ಒಟ್ಟಿಗೆ ಹೇಳಿದರೆ ಊರಿನ ಬಸ್ಸಿಗೆ ಹಾಕಿ ಕಳಿಸುತ್ತಾರೆ. ಬಸ್ಸಿನ ಹೆಸರು, ಶಿವಮೊಗ್ಗ ಮುಟ್ಟುವ ಹೊತ್ತು, ಕಂಡಕ್ಟರಿಗೆ ಎಷ್ಟು ಕೊಡಬೇಕು ಅಂತ ಕೇಳಿಕೊಂಡು ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ಮುಂಚೆ ನಿಂತಿರಿ. ಹಣ ಅವತ್ತೇ ಹಾಕಿಬಿಡಿ. ಜೋನಿ ಬೆಲ್ಲ ತರಿಸುವುದಾದರೆ ಡಬ್ಬದ ಬಾಯಿಗೆ ದಪ್ಪ ಪ್ಲಾಸ್ಟಿಕ್ ಹಾಕಿ ಬಿಗಿಯಾಗಿ ಕಟ್ಟಿ, ಮುಚ್ಚಳ ಹಾಕಿ, ನಿಲ್ಲಿಸಿಯೇ ಇಡಿಸಿ ಅಂತ ಹೇಳುವುದನ್ನು ಮರೆಯಬೇಡಿ. ಬಸ್ಸಿನ ಡಿಕ್ಕಿಯಲ್ಲಿ ಅದು ಒಮ್ಮೆ ಅಡ್ಡ ಬಿದ್ದರೆ ಪಕ್ಕದವರ ಅಕ್ಕಿ ಮೂಟೆಗೂ ನೀವೇ ದುಡ್ಡು ಕೊಡಬೇಕಾಗುತ್ತದೆ.